ನಡುಕಟ್ಟಿನ ಉಪಯೋಗವೂ ಅಲಂಕಾರವೂ

ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರ ಕಟಿಯನ್ನು ಬಳಸಿ, ತೊಡೆಯ ಮೇಲೆ ಎಳೆಎಳೆಯಾಗಿ ಇಳಿಬಿದ್ದಿರುವ ಮೇಖಲೆಗಳನ್ನು ಕಂಡವರಿಗೆ, ನಡುಕಟ್ಟೆಂಬುದು ಕೇವಲ ಉಡುಪನ್ನು ಬಿಗಿಯುವ ಸಾಧನವೆಂದು ಹೇಳಲು ಮನಸ್ಸು ಬಾರದು. ಮದುಮಗಳ ಸೀರೆಯ ನೆರಿಗೆಯನ್ನು ಅಂಕೆಯಲ್ಲಿರಿಸುವ ಡಾಬು ಈ ಉಭಯಧರ್ಮವನ್ನು ಇಂದಿಗೂ ಪಾಲಿಸುತ್ತಿದೆ. ಆದರೆ ಷರಾಯಿಗೆ ಕಟ್ಟುವ ಬೆಲ್ಟಿನ ವಿಷಯದಲ್ಲಿ, ಥಳಕಿನ ಬಕಲ್ಲಿಗೆ ಮರುಳಾಗಿ ಚರ್ಮದ ಗುಣವನ್ನೇ ನಾವು ಮರೆತಿರುವುದು ವಿಷಾದಕರ. ರಟ್ಟಿನಂಥ ತಿರುಳಿಗೆ ತೆಳುಹೊದಿಕೆಯನ್ನು ಅಂಟಿಸಿದ ಪಟ್ಟಿಯು ದಿನವೂ ಒಂದೇ ರಂಧ್ರದ ಬಳಿ ಬಾಗಿ ಬಾಗಿ ಬಿರಿಯುತ್ತದೆ; ಹದಗೊಳಿಸಿದ ಅಖಂಡ ಚರ್ಮದ್ದಾದರೋ, ಎಣ್ಣೆ ಕಂಡಂತೆಲ್ಲ ಮೃದುವಾಗಿ, ಬಣ್ಣ ಗಾಢವಾಗಿ, ವರ್ಷಗಳು ಕಳೆದಂತೆ ಚೆಲುವಾಗುತ್ತದೆ. ಅಂಥದನ್ನು ಊರಿನ ಚರ್ಮಕುಶಲಿಗಳಿಗೆ ಅಳತೆ ಕೊಟ್ಟು ಮಾಡಿಸಿಕೊಳ್ಳುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಬಕಲ್ ಸವೆದರೆ ಹೊಲಿಗೆ ಬಿಚ್ಚಿ ಬೇರೊಂದನ್ನು ಕೂಡಿಸಬಹುದು.