ಆಸರೆ ಕೇಂದ್ರದ ಎರಡನೇ ಕೈ

ನ್ಯೂಯಾರ್ಕ್‌ನ ಬೀದಿಯಲ್ಲಿ ಸಿಕ್ಕ, ಮನೆಯವರು ಬಿಟ್ಟುಕೊಟ್ಟ ನಾಯಿ-ಬೆಕ್ಕುಗಳನ್ನು ನಗರದ ಪರವಾಗಿ ನೋಡಿಕೊಳ್ಳುವುದು ‘ಅನಿಮಲ್ ಕೇರ್ ಸೆಂಟರ್ಸ್’. ಇಂಥ ಕೇಂದ್ರಗಳ ದತ್ತು ಫೋಟೊಗಳಲ್ಲಿ ಕಾಣದವರು ಪಶುವೈದ್ಯಕೀಯ ತಂತ್ರಜ್ಞರು. ರೋಗನಿರ್ಣಯ, ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ವೈದ್ಯರದು. ರಕ್ತ ತೆಗೆಯುವುದು, ಮೈಕ್ರೋಚಿಪ್ ಹುಡುಕುವುದು, ಅರಿವಳಿಕೆಯಲ್ಲಿರುವ ಪ್ರಾಣಿಯ ಉಸಿರು ಗಮನಿಸುವುದು ಇವರ ಕೆಲಸ. ದಯಾಮರಣದ ಹೊತ್ತಿನಲ್ಲಿ ನಾಯಿಯನ್ನು ಹಿಡಿದು ಕೂರುವವರೂ ಸಾಮಾನ್ಯವಾಗಿ ಇವರೇ. ಯಾವ ಸಂಬಳಚೀಟಿಯಲ್ಲೂ ಅದಕ್ಕೊಂದು ಕಾಲಂ ಇರಲಾರದು. ನ್ಯೂಯಾರ್ಕ್ ರಾಜ್ಯದಲ್ಲಿ ಈ ಹುದ್ದೆಗೆ ಮಾನ್ಯ ಕೋರ್ಸು, ಪರೀಕ್ಷೆ, ಪರವಾನಗಿ ಬೇಕು.

ಇಂಥ ನುರಿತ ಕೈಗಳು ಭಾರತದಲ್ಲೂ ಬೇಕು. ನಮ್ಮಲ್ಲಿ 2023ರ ಪ್ರಾಣಿ ಸಂತಾನ ನಿಯಂತ್ರಣ (ಎಬಿಸಿ) ನಿಯಮಗಳು ಬೀದಿನಾಯಿಗಳ ಸಂತಾನಹರಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿವೆ. ಟೆಂಡರ್ ಕರೆಯುವ ಪಾಲಿಕೆಗಳು ನಾಯಿಗಿಷ್ಟು ಎಂದು ದರ ಕಟ್ಟುವುದರ ಜತೆಗೆ, ಹೊಲಿಗೆ ಮಾಯುವವರೆಗೆ ಆರೈಕೆ ಮಾಡುವ ತರಬೇತಾದ ಸಿಬ್ಬಂದಿ ಎಷ್ಟಿರಬೇಕೆಂದೂ ಬರೆಯಲಿ.