ಡೆನ್ಮಾರ್ಕಿನ ಕೂಲಿಗೂ ವಂಶಾವಳಿ ಐತಿ, ನಮ್ಮ ಕೇರಿಗೆ?

ಸ್ವಲ್ಪ ಉದ್ದ ಐತಿ, ಪುರುಸೊತ್ತಿನಾಗ ಓದ್ರಿ.

ಇತ್ತೀಚೆಗೆ ಫೋನ್ ತೆರೆದರೆ ಒಂದೇ ಥರದ ವಿಡಿಯೋ ಬರ್ತಾವ. ಅಮೆರಿಕದ ಯಾರೋ ಒಬ್ಬರು ಡೆನ್ಮಾರ್ಕಿಗೆ ಹೋಗ್ತಾರ. ಮುತ್ತಜ್ಜ ಹುಟ್ಟಿದ ಹಳ್ಳಿ ಹುಡುಕ್ತಾರ, ಚರ್ಚಿನ ಹಳೆ ರಿಜಿಸ್ಟರಿನೊಳಗ ಅವನ ಹೆಸರಿನ ಮೇಲೆ ಬೆರಳಿಡ್ತಾರ, ಆಮೇಲೆ ಎಂದೂ ನೋಡದ ದೂರದ ಬಳಗದವರ ಮನೆಯಲ್ಲಿ ಕೂತು ಊಟ ಮಾಡ್ತಾರ. ಚಂದ ಅನ್ನಿಸ್ತದ, ಸುಳ್ಳ್ಯಾಕ ಹೇಳ್ಲಿ. ಹಳೆ ವಿಜಾಪುರ ಜಿಲ್ಲೆಯ ನಮ್ಮಂಥವರಿಗೆ ಡೆನ್ಮಾರ್ಕ್ ಅಂದ್ರ ಡ್ಯಾನಿಡಾ ನೀರಿನ ಯೋಜನೆ ಅಷ್ಟೇ. ಈಗ ಅದು ಅಜ್ಜ-ಮುತ್ತಜ್ಜರ ದೇಶವಾಗಿ ಕಾಣ್ತಾ ಐತಿ, ಯಾರದೋ ಅಜ್ಜ-ಮುತ್ತಜ್ಜರದು.

ಆದರೆ ಹುನ್ನೂರಿನ ಕೇರಿಯಲ್ಲಿ ಕೂತು ನೋಡುವವರಿಗೆ ಬೇರೆ ಪ್ರಶ್ನೆ ಏಳುತ್ತೆ. ಆ ಮುತ್ತಜ್ಜ ಏನು ರಾಜನಾ, ಜಮೀನುದಾರನಾ? ಅಲ್ಲ. ಮೊದಲ ಮಹಾಯುದ್ಧದ ಮುಂಚಿನ ಐವತ್ತು-ಅರವತ್ತು ವರ್ಷದಲ್ಲಿ ಸುಮಾರು 3 ಲಕ್ಷ ಜನ ಡೆನ್ಮಾರ್ಕ್ ಬಿಟ್ಟು ಅಮೆರಿಕಕ್ಕೆ ಹೋದರು. ಬಹಳಷ್ಟು ಜನ ಹೊಲದ ಆಳುಗಳು, ತುಂಡು ಭೂಮಿಯವರು, ಮನೆಗೆಲಸದ ಹೆಣ್ಣುಮಕ್ಕಳು. ಅಂದರೆ ನಮ್ಮ ಥರದವರೇ. ಹಂಗಾದ್ರ ಅವರ ಹೆಸರು ಉಳಿದದ್ದು ಹೆಂಗ?

ಬರೆದರು, ಅದಕ್ಕ ಉಳೀತು. 1640ರ ದಶಕದಲ್ಲೇ ಅಲ್ಲಿನ ರಾಜ ಪಾದ್ರಿಗಳಿಗೆ ಹುಟ್ಟು, ಮದುವೆ, ಸಾವು ಬರೆದಿಡಿ ಅಂತ ಆಜ್ಞೆ ಮಾಡಿದ. 1787ರಲ್ಲಿ ಮನೆಮನೆಯ ಪ್ರತಿಯೊಬ್ಬರ ಹೆಸರು ಬರೆದುಕೊಂಡು ಜನಗಣತಿ ಮಾಡಿದರು. 1814ರಿಂದ ಚರ್ಚಿನ ರಿಜಿಸ್ಟರಿಗೆ ಎರಡು ಪ್ರತಿ ಕಡ್ಡಾಯವಾಯ್ತು, ಒಂದು ಪಾದ್ರಿ ಹತ್ತಿರ, ಇನ್ನೊಂದು ಬೇರೆಯವರ ಹತ್ತಿರ. ಎರಡೂ ಒಂದೇ ಸೂರಿನ ಕೆಳಗೆ ಇರಬಾರದು. ಮನೆಗೆ ಬೆಂಕಿ ಬಿದ್ರೆ ಒಂದಾದ್ರೂ ಉಳೀಲಿ ಅಂತ! 1869ರಿಂದ 1940ರವರೆಗೆ ವಲಸೆ ಹೋದವರ ಹೆಸರು, ಊರು, ಹೋಗುವ ಜಾಗ ಕೋಪನ್‌ಹೇಗನ್ ಪೊಲೀಸರ ಪುಸ್ತಕದಲ್ಲಿದೆ. ಇವತ್ತು ಇವನ್ನೆಲ್ಲ ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಈಗ ನಮ್ಮ ಕಡೆ ಬರ್ರಿ. ಕೇರಿಯ ಹತ್ತು ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡ್ರಿ. ಜೂನ್ 1ರಂದು ಹುಟ್ಟಿದವರೇ ಹೆಚ್ಚು ಸಿಗ್ತಾರ. ಮಾಸ್ತರು ಶಾಲೆಗೆ ಹಾಕಿಕೊಳ್ಳುವಾಗ ಬರೆದ ತಾರೀಖು ಅದು. ನಮ್ಮ ಆಯಿಗೆ ಆ ಜೂನ್ 1 ಕೂಡ ಇರಲಿಲ್ಲ, ಶಾಲೆಗೇ ಹೋಗದವಳಿಗೆ ಮಾಸ್ತರ ಎಲ್ಲಿಂದ ಬರಬೇಕು? "ದೊಡ್ಡ ಬರ ಬಿದ್ದಾಗ ನಾ ಎದಿ ಹಾಲು ಕುಡೀತಿದ್ನಂತ" ಅನ್ನೋದೇ ಅವಳ ಜನನ ಪತ್ರ.

ಊರಿನ ದೊಡ್ಡ ಮನೆಗಳಿಗೆ ಹೆಳವರು ಬರ್ತಿದ್ರು. ಎತ್ತಿನ ಜೊತೆ ಬಂದು ಕಟ್ಟೆ ಮೇಲೆ ಕೂತು, ಏಳೆಂಟು ತಲೆಮಾರಿನ ಹೆಸರು ಒಂದೇ ಉಸಿರಿನಲ್ಲಿ ಹೇಳಿ, ಕಾಳು-ಕಡಿ ಇಸಕೊಂಡು ಹೋಗ್ತಿದ್ರು. (ಹೆಳವರೂ ಬಡವರೇ, ಅಲೆಮಾರಿಗಳೇ, ಅವರ ಮೇಲೆ ನನ್ನ ಸಿಟ್ಟಿಲ್ಲ.) ನಮ್ಮ ಕೇರಿಯೊಳಗ ಹೆಳವ ಬಂದು ಕೂತದ್ದನ್ನ ನಾನಂತೂ ನೋಡಿಲ್ಲ. ಇನ್ನು ನಾಡಕಚೇರಿಯ ವಂಶವೃಕ್ಷ ಬೇಕಾಗೋದು ಹೆಚ್ಚಾಗಿ ಹೊಲ ಹಂಚಿಕೊಳ್ಳುವಾಗ, ಪೌತಿ ಖಾತೆ ಮಾಡಿಸುವಾಗ. ಹೊಲ ಇಲ್ಲದವರಿಗೆ ವೃಕ್ಷ ಯಾಕ ಬೇಕು ಅಂತ ಕೇಳೋ ವ್ಯವಸ್ಥೆ ಇದು.

ಇನ್ನೊಂದು ಮಾತು ಹೇಳಬೇಕು, ಕಷ್ಟದ ಮಾತು. ಡೆನ್ಮಾರ್ಕಿನ ಆ ರಿಜಿಸ್ಟರುಗಳಲ್ಲಿ ಮದುವೆಯಾಗದ ತಾಯಂದಿರ ಮಕ್ಕಳದ್ದೂ ದಾಖಲೆ ಇದೆ. ಪಾದ್ರಿ ಮಗುವಿಗೆ "ಅಕ್ರಮ" ಅನ್ನೋ ಕೆಟ್ಟ ಮುದ್ರೆ ಒತ್ತುತ್ತಿದ್ದ, ಅದು ಅನ್ಯಾಯವೇ. ಆದರೆ ತಾಯಿ ಯಾರ ಕಡೆ ಬೊಟ್ಟು ಮಾಡ್ತಾಳೋ ಆ ಗಂಡಸಿನ ಹೆಸರನ್ನೂ ಪಕ್ಕದಲ್ಲೇ ಬರೆಯುತ್ತಿದ್ದ. ಮನೆಗೆಲಸದ ಹುಡುಗಿ ಒಡೆಯನ ಮಗನ ಹೆಸರು ಹೇಳಿದರೆ ಅದೂ ಪುಸ್ತಕಕ್ಕೆ ಏರಬಹುದಿತ್ತು. ಜಮಖಂಡಿ, ಮುಧೋಳ, ಅಥಣಿ, ಸವದತ್ತಿ ಸೀಮೆಯಲ್ಲಿ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕಂದಿರ, ಅವ್ವಂದಿರ ಮಕ್ಕಳಿಗೆ ತಂದೆ ಯಾರು ಅಂತ ಇಡೀ ಊರಿಗೆ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿಲ್ಲ. ಶಾಲೆಯ ಅರ್ಜಿಯ ಆ ಒಂದು ಖಾನೆ ಎಷ್ಟು ಹುಡುಗರನ್ನ ಶಾಲೆ ಬಿಡಿಸಿದೆಯೋ! ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಬಂದದ್ದು 1982ರಲ್ಲಿ. ಮಕ್ಕಳ ಬಗ್ಗೆ ಗಟ್ಟಿಯಾಗಿ ಮಾತಾಡೋ ಕಾಯಿದೆಗೆ 2025ರವರೆಗೆ ಕಾಯಬೇಕಾಯ್ತು. ತಂದೆಯ ಹೆಸರು ಕೊಡಲೇಬೇಕೆಂದಿಲ್ಲ ಅಂತಾನೂ ಅದು ಹೇಳುತ್ತೆ, ತಂದೆ ಯಾರೆಂದು ಸಾಬೀತು ಮಾಡಿ ಹಕ್ಕು ಕೇಳಬಹುದು ಅಂತಾನೂ ಹೇಳುತ್ತೆ. ಎರಡೂ ಬೇಕು. ಯಾವುದು ಬೇಕು ಅನ್ನೋದನ್ನ ಆ ತಾಯಿ-ಮಕ್ಕಳು ತೀರ್ಮಾನಿಸಲಿ, ಊರಿನ ಪಂಚರಲ್ಲ.

ಡೆನ್ಮಾರ್ಕನ್ನ ಹೊಗಳೋಕೆ ಇಷ್ಟು ಬರೀತಿಲ್ಲ. ಅದೇ ದೇಶದ ಇನ್ನೊಂದು ಮುಖ ನೋಡ್ರಿ. 1970ರ ದಶಕದಿಂದ ನಮ್ಮ ದೇಶದ ಎಷ್ಟೋ ಬಡಮಕ್ಕಳು ದತ್ತು ಹೆಸರಲ್ಲಿ ಅಲ್ಲಿಗೆ ಹೋದರು. ಈಗ ಅವರಿಗೆ ನಲವತ್ತು-ಐವತ್ತು ವಯಸ್ಸು. ಅವರೂ ವಿಮಾನ ಹತ್ತುತ್ತಾರೆ, ಉಲ್ಟಾ ದಿಕ್ಕಿಗೆ. 1979ರಲ್ಲಿ ಚೆನ್ನೈನಿಂದ ಹೋದ ಹುಡುಗನೊಬ್ಬ 40 ವರ್ಷದ ನಂತರ, 2019ರಲ್ಲಿ, ಹೆತ್ತವ್ವನನ್ನ ಕಂಡ ಸುದ್ದಿ ನೀವೂ ಓದಿರಬಹುದು. ಅವನಿಗೆ ಸಿಕ್ಕಳು. ಹಂಗೇ ಬರಿಗೈಲಿ ವಾಪಸ್ ಹೋದವರ ಸುದ್ದಿ ಪೇಪರಿನಲ್ಲಿ ಬರೋದಿಲ್ಲ. ವಿದೇಶಿ ದತ್ತಿಗೆ ನಮ್ಮ ಸುಪ್ರೀಂ ಕೋರ್ಟು ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ನಿಯಮ ಹಾಕಿದ್ದೇ 1984ರಲ್ಲಿ, ಅದೂ ಒಬ್ಬ ವಕೀಲ ಬರೆದ ಪತ್ರದಿಂದ. ಡೆನ್ಮಾರ್ಕಿನಲ್ಲಿ ಉಳಿದಿದ್ದ ಒಂದೇ ದತ್ತು ಏಜೆನ್ಸಿ, ದಾಖಲೆಗಳ ಮೇಲೆ ಅನುಮಾನ ಎದ್ದು, ವಿದೇಶಿ ದತ್ತು ನಿಲ್ಲಿಸುತ್ತೇನೆ ಅಂದದ್ದು 2024ರ ಜನವರಿಯಲ್ಲಿ. ತಮ್ಮ ಆಳಿನ ಹೆಸರು ಸುಡಬಾರದು ಅಂತ ಎರಡು ಪುಸ್ತಕವನ್ನ ಎರಡು ಮನೆಯಲ್ಲಿಟ್ಟ ದೇಶ, ನಮ್ಮ ತಾಯಂದಿರ ಹೆಸರು ಇಲ್ಲದ ಫೈಲನ್ನ ಹೆಂಗ ಒಪ್ಪಿಕೊಳ್ತು?

ಉತ್ತರ ನನಗೆ ಕಾಣೋದು ಇಷ್ಟೇ: ಬಡವರ ಹೆಸರು ಕಳೆದರೆ ಯಾರೂ ಜಗಳಕ್ಕೆ ಬರೋದಿಲ್ಲ.

ಜಗಳಕ್ಕೆ ಹೋದವರೂ ಇದ್ದಾರೆ. ಕೆರಿಬಿಯನ್ನಿನಲ್ಲಿ ಡೆನ್ಮಾರ್ಕಿನವರು ಆಫ್ರಿಕದ ಗುಲಾಮರಿಂದ ಕಬ್ಬು ಬೆಳೆಸಿದ ದ್ವೀಪಗಳಿದ್ದವು. 1917ರಲ್ಲಿ ಆ ದ್ವೀಪಗಳನ್ನ 2.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದರು, ದಾಖಲೆಗಳಲ್ಲಿ ಬಹುಪಾಲು ಹೊತ್ತುಕೊಂಡು ಹೋದರು. ನೂರು ವರ್ಷಕ್ಕೆ, 2017ರಲ್ಲಿ, ಸುಮಾರು 50 ಲಕ್ಷ ಪುಟ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿದರು. ದ್ವೀಪದ ಜನ ಥ್ಯಾಂಕ್ಸ್ ಹೇಳಿ ಸುಮ್ಮನಾಗಲಿಲ್ಲ. ಹಳೆ ಡ್ಯಾನಿಶ್ ಕೈಬರಹ, ನಮ್ಮ ಅಜ್ಜಿಯ ಹೆಸರನ್ನ ನಾವೇ ಓದೋಕಾಗಲ್ಲವಲ್ಲ, ಓದಿಸಿಕೊಡಿ ಅಂತ ಕೇಳಿದರು.

ಇದು ಓದಿ ನನಗೆ ಮೋಡಿ ಲಿಪಿ ನೆನಪಾಯ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು. ಸಂಸ್ಥಾನ ಕಾಲದ ದಫ್ತರಗಳು ಮರಾಠಿ, ಮೋಡಿ ಲಿಪಿ. ಯಾರು ಯಾವ ಊರಿನ ಚಾಕರಿ ಮಾಡಿದರು, ಯಾರಿಗೆ ಎಷ್ಟು ಇನಾಮು ಭೂಮಿ ಇತ್ತು ಅನ್ನೋದು ಅಂಥ ಕಾಗದಗಳಲ್ಲೇ ಇರೋದು. 1961ರ ಗ್ರಾಮ ಹುದ್ದೆ ರದ್ದತಿ ಕಾಯಿದೆಯ ಕೆಳಗೆ ಮರುಮಂಜೂರಿಗೆ ಅರ್ಜಿ ಹಾಕಿದವರ ಫೈಲುಗಳಲ್ಲಿ ನಮ್ಮ ಅಜ್ಜಂದಿರ ಹೆಸರು ಇರಲೇಬೇಕು. ಮೋಡಿ ಓದುವವರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರ. ನಮ್ಮ ಹುಡುಗರು ಎರಡು-ಮೂರು ಮಂದಿ ಕಲಿತರೂ ಸಾಕು.

ಕೆಲವು ಸಂಗಾತಿಗಳು ಈಗಲೇ ಬೈಯ್ತಾರ, ಗೊತ್ತು. "ವಂಶ, ಗೋತ್ರ ಅನ್ನೋದು ಅವರ ಆಟ, ನಮಗ್ಯಾಕೆ?" ಗೋತ್ರ ಬೇಡ ಮಾರಾಯ್ರೇ. ಸತ್ತವರ ಹೆಸರು ಕೇಳ್ತಿದ್ದೀನಿ. ಬಾಬಾಸಾಹೇಬರ ಅಡ್ಡಹೆಸರಿನೊಳಗೂ ಅಂಬಡವೆ ಅನ್ನೋ ಊರು ಐತಿ. ಅವರು ಹುಟ್ಟಿದ್ದು ಮಹೂದಲ್ಲಾದರೂ ಆ ಊರು ಬಿಟ್ಟುಹೋಗಲಿಲ್ಲ.

ನಮ್ಮ ದೂರದ ಬಳಗ ಕೋಪನ್‌ಹೇಗನ್‌ದಾಗ ಇಲ್ಲ, ಇಚಲಕರಂಜಿಯ ಮಗ್ಗದ ಓಣಿಯಲ್ಲಿದೆ, ಗೋವಾದ ಕಟ್ಟಡದ ಕೆಲಸದಲ್ಲಿದೆ, ಸಾಂಗ್ಲಿ ಕಡೆ ಕಬ್ಬು ಕಡಿಯೋಕೆ ಹೋಗಿ ಅಲ್ಲೇ ನಿಂತುಬಿಟ್ಟಿದೆ. ಅವರನ್ನ ನೋಡೋಕೆ ಪಾಸ್‌ಪೋರ್ಟು ಬೇಡ, ಕೆಂಪು ಬಸ್ಸು ಸಾಕು. ಹಿಂಗಾಗಿ ಈ ಬ್ಯಾಸಗಿಗೆ ಒಂದು ಕೆಲಸ ಶುರು ಮಾಡೋಣ. ಕೇರಿಗೊಂದು ದಪ್ಪ ನೋಟ್‌ಬುಕ್. ಎಪ್ಪತ್ತು ದಾಟಿದ ಹೆಣ್ಣುಮಕ್ಕಳಿಂದ ಮೊದಲು ಶುರು. ಗಂಡಸರು ತಂದೆ, ಅಜ್ಜ ಅಂತ ಎರಡು ಹೆಸರಿಗೆ ನಿಲ್ತಾರ, ಹೆಣ್ಣುಮಕ್ಕಳು ತವರು, ಗಂಡನ ಮನೆ, ಸತ್ತ ಕೂಸುಗಳು, ಊರು ಬಿಟ್ಟುಹೋದವರು, ಎಲ್ಲ ಹೇಳ್ತಾರ. ತಾಯಿಯ ಹೆಸರಿನ ಖಾನೆ ಮೊದಲು ಬರಲಿ. ತಂದೆಯ ಖಾನೆಯನ್ನ ಆಕೆ ಹೇಳಿದರೆ ತುಂಬ್ರಿ, ಬೇಡ ಅಂದರೆ ಬಿಡ್ರಿ, ಒತ್ತಾಯ ಮಾಡಬ್ಯಾಡ್ರಿ. ಫೇಸ್‌ಬುಕ್ಕಿಗೆ ಹಾಕೋಕೆ ಯಾರದೂ ಫೋಟೋ ಹೊಡೀಬ್ಯಾಡ್ರಿ. ಶಾಲೆಯ ಹಳೆ ದಾಖಲಾತಿ ರಿಜಿಸ್ಟರಿನ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹೆಂಗ ಬರೀಬೇಕು ಅನ್ನೋದನ್ನ ಮುಂದಿನ ಪೋಸ್ಟಿನಲ್ಲಿ ಹಾಕ್ತೀನಿ.

ನೋಟ್‌ಬುಕ್ ತುಂಬಿದ ಮೇಲೆ ಒಂದು ಜೆರಾಕ್ಸ್ ತೆಗೆಸಿ ಬೇರೆ ಓಣಿಯವರ ಮನೆಯಲ್ಲಿ ಇಡ್ರಿ.

ಜೈ ಭೀಮ್.