ಗೋಡೆಯೊಳಗಿನ ಕಾಯಕ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ರಾಯಚೂರು ಸೀಮೆಯನ್ನು ಹಿರಿಯರು ಎಡೆದೊರೆ ನಾಡೆಂದು ಕರೆದರು. ಎರಡು ಹೊಳೆಗಳ ನಡುವೆ ಇದ್ದೂ ಬೇಸಿಗೆಯಲ್ಲಿ ಬಾಯಾರುವ ಈ ನಾಡಿನ ಜನರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಗಿಲ್ಲೆಸುಗೂರಿನಲ್ಲಾಗಲಿ, ರಾಯಚೂರು ನಗರದಂಚಿನ ಹೊಸ ಬಡಾವಣೆಗಳಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ಮನೆ ಕಟ್ಟಿಸುವ ಗೃಹಸ್ಥರು ಬಾಗಿಲ ಕೆತ್ತನೆಗೂ ನೆಲದ ಟೈಲ್ಸಿನ ಬಣ್ಣಕ್ಕೂ ಕೊಡುವ ಗಮನವನ್ನು ನಳದ ಕೆಲಸಕ್ಕೆ ಕೊಡುವುದು ವಿರಳ. ಪ್ಲಂಬರನನ್ನು ಕರೆಯುವುದು ಎಲ್ಲರಿಗಿಂತ ಕಡೆಗೆ. ಆರಿಸುವುದು ಯಾರು ಕಡಿಮೆಗೆ ಒಪ್ಪುವರೆಂದು ನೋಡಿ. ಕಣ್ಣಿಗೆ ಕಾಣುವುದಕ್ಕೆ ಧಾರಾಳ, ಕಾಣದಿರುವುದಕ್ಕೆ ಚೌಕಾಸಿ ಎಂಬ ಈ ರೂಢಿಯನ್ನು ಸದ್ಭಕ್ತರು ಬಿಡಬೇಕು.

ಇದು ಬರಿಯ ಅನುಕೂಲದ ಮಾತಾಗಿ ಉಳಿದಿಲ್ಲ. 2022ರ ಮೇ ಕೊನೆಯಲ್ಲಿ ಮತ್ತು ಜೂನ್ ಮೊದಲಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಅಸ್ವಸ್ಥರಾದರು, ಕೆಲವರು ಪ್ರಾಣವನ್ನೇ ತೆತ್ತರು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಮಗುವೊಂದು ಇದೇ ಬಗೆಯಲ್ಲಿ ಕಣ್ಣು ಮುಚ್ಚಿತು. ಊರಿಗೆ ಶುದ್ಧ ನೀರು ಕೊಡುವ ಹೊಣೆ ಆಡಳಿತದ್ದು. ಅದನ್ನು ಜನರು ಕೇಳಲೇಬೇಕು. ಆದರೆ ಬೀದಿಯ ಪೈಪಿನಿಂದ ಅಡುಗೆಮನೆಯ ನಳದವರೆಗಿನ ದಾರಿ ಗೃಹಸ್ಥನದು. ಶುದ್ಧವಾಗಿ ಬಂದ ನೀರು ಈ ನಾಲ್ಕು ಮಾರು ದಾರಿಯಲ್ಲಿಯೂ ಕೆಡಬಲ್ಲದು.

ಅದು ಕೆಡುವ ಬಗೆಯನ್ನು ತಿಳಿಯಬೇಕು. ನೀರು ದಿನವಿಡೀ ಬಾರದ ಊರುಗಳಲ್ಲಿ ಸರಬರಾಜು ನಿಂತ ಮೇಲೆ ಪೈಪು ಬರಿದಾಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ತಗ್ಗಿದಾಗ ಸಡಿಲವಾದ ಕೂಡುಗಳಿಂದ, ಕೂದಲೆಳೆಯ ಬಿರುಕುಗಳಿಂದ ಸುತ್ತಲಿನ ಕೊಳೆನೀರು ಒಳಸೇರುತ್ತದೆ. ಚರಂಡಿಯನ್ನು ಹಾದು ಬರುವ ಪೈಪಿಗೆ ಈ ಅಪಾಯ ಹೆಚ್ಚು. ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವವರು ಈ ಹೀರುವಿಕೆಯನ್ನು ತಾವೇ ಹೆಚ್ಚಿಸುತ್ತಾರೆ. ಅವರು ನೆರೆಯವರ ಪಾಲಿನ ನೀರನ್ನು ಕಸಿಯುವುದಲ್ಲದೆ ಓಣಿಯ ಕೊಳೆಯನ್ನು ತಮ್ಮ ಮನೆಗೇ ಬರಮಾಡಿಕೊಳ್ಳುತ್ತಾರೆ. ನಳದ ನೀರು ಮೊದಲು ಸಂಪಿಗೆ ಬೀಳಬೇಕು, ಅಲ್ಲಿಂದ ಮೋಟಾರು ಮೇಲಿನ ಟ್ಯಾಂಕಿಗೆ ಏರಿಸಬೇಕು ಎಂಬುದು ಬಲ್ಲ ಪ್ಲಂಬರನ ಮೊದಲ ಪಾಠ.

ಆದುದರಿಂದ ಕೆಲಸಗಾರನನ್ನು ಗೊತ್ತುಮಾಡುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಕುಡಿಯುವ ನೀರಿನ ಪೈಪು, ಶೌಚದ ಪೈಪು ಎಲ್ಲೆಲ್ಲಿ ಹಾಯುತ್ತವೆ? ಬಿಸಿನೀರಿಗೆ ಸಿಪಿವಿಸಿ ಪೈಪನ್ನೂ ಅದಕ್ಕೆಂದೇ ಇರುವ ಅಂಟನ್ನೂ ಬಳಸುತ್ತಾನೆಯೆ? ಬೋರಿನ ನೀರನ್ನೂ ನಳದ ನೀರನ್ನೂ ಬೇರೆಯಾಗಿ ಇಡುತ್ತಾನೆಯೆ? ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ಎರಡೂ ನೀರು ಒಂದೇ ಟ್ಯಾಂಕಿನಲ್ಲಿ ಬೆರೆತರೆ ಯಾವುದನ್ನು ಕುಡಿಯುತ್ತಿದ್ದೇವೆಂಬುದೇ ಮನೆಯವರಿಗೆ ತಿಳಿಯದು.

ಎಲ್ಲಕ್ಕಿಂತ ಮುಖ್ಯವಾದುದು ಗಿಲಾವಿಗೆ ಮೊದಲಿನ ಪರೀಕ್ಷೆ. ಪೈಪುಗಳ ಬಾಯಿ ಮುಚ್ಚಿ, ನೀರು ತುಂಬಿ, ಕೈಪಂಪಿನಿಂದ ಒತ್ತಡವೇರಿಸಿ ಕೆಲವು ತಾಸು ಬಿಡಬೇಕು. ಮಾಪಕದ ಮುಳ್ಳು ಇಳಿದರೆ ಎಲ್ಲೋ ಸೋರಿಕೆಯಿದೆ. ಆ ದಿನ ತಿದ್ದಿದರೆ ಅರ್ಧ ದಿನದ ಕೂಲಿ. ಗೋಡೆ ಮುಚ್ಚಿದ ಮೇಲೆ ಟೈಲ್ಸನ್ನೇ ಒಡೆಯಬೇಕು. ಪೈಪು ಹಾದ ದಾರಿಯ ಚಿತ್ರವನ್ನೂ ಅಂದೇ ತೆಗೆದಿಟ್ಟುಕೊಳ್ಳಬೇಕು.

ಬಡವರಿಗೆ ಇದೆಲ್ಲ ಎಟುಕುವುದೆ ಎಂದು ಕೆಲವರು ಕೇಳುವರು. ಪರೀಕ್ಷೆಗೆ ಬೇಕಾಗುವುದು ಹೆಚ್ಚಾಗಿ ತಾಳ್ಮೆಯೇ. ಹಣ ಸಾಲದಿದ್ದರೆ ಬಣ್ಣವನ್ನು ಬರುವ ವರ್ಷಕ್ಕೆ ಮುಂದೂಡಬಹುದು. ಕುಡಿಯುವ ನೀರನ್ನು ಮುಂದೂಡಲಾಗದು. ನಳವೊಂದು ಕ್ಷಣಕ್ಕೊಂದು ಹನಿಯಂತೆ ತೊಟ್ಟಿಕ್ಕಿದರೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗೆ ಮಿಗಿಲು, ವರ್ಷಕ್ಕೆ ಸುಮಾರು 1,500 ಲೀಟರ್ ಹೋಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿದ ಪ್ರಮಾಣ 55 ಲೀಟರ್. ಆ ಲೆಕ್ಕದಲ್ಲಿ ಒಬ್ಬರ ಸುಮಾರು ನಾಲ್ಕು ವಾರಗಳ ನೀರು ಒಂದು ಸಡಿಲ ನಳದಲ್ಲಿ ವ್ಯರ್ಥವಾಗುತ್ತದೆ.

ಇನ್ನು ಕೂಲಿಯ ಮಾತು. ಕಾಯಕದ ಹಿರಿಮೆಯನ್ನು ಸಾರಿದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇದೇ ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪ್ರತೀತಿ. ಮಾರಯ್ಯ ಒಂದು ದಿನ ಅಗತ್ಯಕ್ಕೆ ಮೀರಿ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಹೇಳಿದ ಪ್ರಸಂಗವನ್ನು ಭಕ್ತರೆಲ್ಲ ಬಲ್ಲರು. ದುಡಿಯುವವನು ಹೆಚ್ಚು ತರಬಾರದೆಂಬ ಅರ್ಧವನ್ನು ಮಾತ್ರ ನೆನೆದು, ದುಡಿಸಿಕೊಳ್ಳುವವನು ಕಡಿಮೆ ಕೊಡಬಾರದೆಂಬ ಉಳಿದರ್ಧವನ್ನು ಮರೆಯುವುದು ನ್ಯಾಯವೆ? ಶೌಚದ ಪೈಪಿಗೆ ಕೈಯಿಟ್ಟು ದುರಸ್ತಿ ಮಾಡಿದವನಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟು, ಸಂಜೆ ಕಾಯಕದ ಕುರಿತು ಪ್ರವಚನ ಕೇಳಿದರೆ ಏನು ಫಲ? ಪ್ಲಂಬರರೂ ಕಟ್ಟಡ ಕಾರ್ಮಿಕರೇ. ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ 18ರಿಂದ 60 ವರ್ಷದೊಳಗಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ದುಡಿದುದಕ್ಕೆ ಸಾಕ್ಷಿಯ ಪತ್ರವನ್ನು ಬರೆದುಕೊಡುವುದು ಮನೆಯ ಯಜಮಾನನಿಗೆ ಖರ್ಚಿನ ಕೆಲಸವೇನೂ ಆಗದು.

ಕೆಲಸಗಾರನಿಗೂ ಅಷ್ಟೇ ಹೊಣೆಯಿದೆ. ಅವನ ಕೆಲಸ ಮುಗಿದ ಮರುದಿನವೇ ಗಿಲಾವಿನಡಿಯಲ್ಲಿ ಅಡಗುತ್ತದೆ. ಅಂಟು ಒಣಗುವ ಮೊದಲೇ ನೀರು ಬಿಟ್ಟನೋ, ಕೂಡನ್ನು ಅರ್ಧಕ್ಕೇ ಸೇರಿಸಿದನೋ ಯಾರೂ ಕಾಣರು. ಅದನ್ನು ಬಲ್ಲವನು ಅವನೊಬ್ಬನೇ. ಆ ಗೋಡೆಯಾಚೆ ನಾಳೆ ತಾಯಿಯೊಬ್ಬಳು ತನ್ನ ಮಗುವಿಗೆ ನೀರು ಹಿಡಿಯುವಳು. ಅವಳು ಕೊಡದ ಹಿಡಿಯದೆ ನಂಬಿಕೆಯಿಂದ ನಳ ತಿರುಗಿಸುವಂತಾದರೆ ಕೂಲಿ ಕೊಟ್ಟವರ ಹಣವೂ ದುಡಿದವನ ಶ್ರಮವೂ ಸಾರ್ಥಕ.